ಹಳೇ ಶಿಪ್ರ್, ಹೊಸ ಬಾಟಲಿ: ಕೊಳ್ಳುವ ಮುಂಚೆ ಮೂಸಿ ನೋಡುವ ಬಗೆ

1917ರಲ್ಲಿ ಫ್ರಾಂಸ್ವಾ ಕೋಟಿ ಪ್ಯಾರಿಸ್‌ನಲ್ಲಿ ‘ಶಿಪ್ರ್’ ಎಂಬ ಸೆಂಟು ತಂದರು. ಮೊದಲು ಮೂಗಿಗೆ ಬರುವ ಮೇಲಿನ ಪರಿಮಳ ಬರ್ಗಮಾಟ್ ಎಂಬ ನಿಂಬೆಜಾತಿಯ ಹಣ್ಣಿನದು, ನಡುವೆ ಗುಲಾಬಿ, ಮಲ್ಲಿಗೆ, ಕೊನೆಗೆ ಉಳಿಯುವ ತಳದಲ್ಲಿ ಮರದ ಮೇಲೆ ಬೆಳೆಯುವ ಓಕ್‌ಮಾಸ್ ಮತ್ತು ಲ್ಯಾಬ್ಡನಂ ಎಂಬ ಅಂಟು. ಈ ಜೋಡಣೆಯನ್ನೇ ಹಿಡಿದು ಇವತ್ತಿಗೂ ಹೊಸ ಪರ್ಫ್ಯೂಮುಗಳು ಬರುತ್ತಿವೆ. ಆದರೆ ಡಬ್ಬದ ಮೇಲೆ ‘ಹಳೆಯ ಫಾರ್ಮುಲಾದ ಸ್ಫೂರ್ತಿ’ ಎಂದಿದ್ದ ಮಾತ್ರಕ್ಕೆ ಒಳಗೂ ಹಳೆಯದೇ ಇದೆ ಎಂದುಕೊಳ್ಳಬೇಡಿ. ಓಕ್‌ಮಾಸ್‌ನಲ್ಲಿರುವ ಅಟ್ರನಾಲ್, ಕ್ಲೋರೋಅಟ್ರನಾಲ್ ಚರ್ಮಕ್ಕೆ ಅಲರ್ಜಿ ತರುತ್ತವೆಂದು ಯುರೋಪಿಯನ್ ಒಕ್ಕೂಟ 2017ರಲ್ಲಿ ಅವನ್ನು ನಿಷೇಧಿಸಿತು. ಈಗ ಹಾಕುವುದು ಅವನ್ನು ತೆಗೆದ ಓಕ್‌ಮಾಸ್ ಅಥವಾ ಎವರ್ನಿಲ್‌ನಂಥ ಕೃತಕ ವಸ್ತು. ಹಳೆಯದರ ಒದ್ದೆ, ಕಪ್ಪು ಆಳ ಇದರಲ್ಲಿ ಕಡಿಮೆ. ಒಣ ಪೌಡರಿನ ಗುಣ ಹೆಚ್ಚು.

ಹಾಗಾಗಿ ಮೊದಲು ತಳದ ವಾಸನೆಯನ್ನು ಮೂಗಿಗೆ ಪರಿಚಯ ಮಾಡಿಸಿ. ಅದಕ್ಕೆ ಬೇಕಾದ್ದು ಅಡುಗೆಮನೆಯಲ್ಲೇ ಇದೆ. ಓಕ್‌ಮಾಸ್ ಹೆಸರಿಗಷ್ಟೇ ಪಾಚಿ. ಅದೂ ಮಸಾಲೆ ಡಬ್ಬದ ಕಲ್ಲುಹೂವೂ ಒಂದೇ ಕುಟುಂಬದ ಶಿಲಾವಲ್ಕಗಳು (ಲೈಕೆನ್). ಒಂದು ಚಿಟಿಕೆ ಕಲ್ಲುಹೂವನ್ನು ಎಣ್ಣೆಯಿಲ್ಲದ ಬೆಚ್ಚನೆಯ ಬಾಣಲೆಯಲ್ಲಿ ಅರ್ಧ ನಿಮಿಷ ಆಡಿಸಿ ಮೂಸಿ: ಮಣ್ಣು, ಮಳೆ ಕುಡಿದ ತೊಗಟೆ, ಚೂರು ಹೊಗೆ. ಎರಡೂ ಒಂದೇ ವಾಸನೆಯಲ್ಲ, ಆದರೆ ಹುಡುಕಬೇಕಾದ ದಿಕ್ಕು ಅದೇ. ಇದನ್ನು ಸೆಂಟು ಪರೀಕ್ಷಿಸುವ ಹಿಂದಿನ ದಿನವೇ ಮಾಡಿ, ಇಲ್ಲದಿದ್ದರೆ ಮಸಾಲೆ ಮೂಗಿನಲ್ಲೇ ಉಳಿದುಬಿಡುತ್ತದೆ.

ದೊಡ್ಡ ಬಾಟಲಿ ಬೇಡ, 2 ಮಿಲಿ ಸ್ಯಾಂಪಲ್ ಸಾಕು. ಸುಮಾರು 20 ಸಲ ಸ್ಪ್ರೇ ಆಗುತ್ತದೆ. ಪರೀಕ್ಷೆಯ ದಿನ ಗಂಧದ ಸೋಪು, ಮುಡಿದ ಮಲ್ಲಿಗೆ, ತಲೆಗೆ ಕೊಬ್ಬರಿ ಎಣ್ಣೆ ಮೂರೂ ಬೇಡ. ಮಾರ್ಚ್–ಏಪ್ರಿಲ್‌ನಲ್ಲಿ ಹೂಮಳೆ ಬಿದ್ದು ಕಾಫಿ ಅರಳಿದ ವಾರವಾದರೆ ಮುಂದೂಡಿ. ಮೂಡಿಗೆರೆ, ಸಕಲೇಶಪುರದ ಕಡೆ ಗಾಳಿಯೇ ಮಲ್ಲಿಗೆಯಂತೆ ಘಮ್ಮೆನ್ನುವಾಗ ಬಾಟಲಿಯ ಮಲ್ಲಿಗೆ ಯಾವುದು, ತೋಟದ್ದು ಯಾವುದು ಎಂದು ಬಿಡಿಸಲಾಗದು.

ಮೊದಲು ಕಾಗದ. ವಾಸನೆಯಿಲ್ಲದ ದಪ್ಪ ಡ್ರಾಯಿಂಗ್ ಹಾಳೆಯನ್ನು 1 ಸೆಂ.ಮೀ ಅಗಲ, 12 ಸೆಂ.ಮೀ ಉದ್ದ ಕತ್ತರಿಸಿ, ಹೆಸರು, ಹೊತ್ತು ಬರೆದು, ತುದಿಗೆ ಒಂದೇ ಸ್ಪ್ರೇ ಹಾಕಿ. ತಕ್ಷಣ ಮೂಸಿದರೆ ಆಲ್ಕೋಹಾಲ್ ಘಾಟು ಬಿಟ್ಟು ಬೇರೇನೂ ಸಿಗದು, ಅರ್ಧ ನಿಮಿಷ ತಡೆಯಿರಿ. ಆಮೇಲೆ 20 ನಿಮಿಷಕ್ಕೆ, 2 ಗಂಟೆಗೆ, ಮರುದಿನ ಬೆಳಿಗ್ಗೆ ಮೂಸಿ. ಮೊದಲ ಹತ್ತು ನಿಮಿಷ ಹೇರಳೆಕಾಯಿ ಸಿಪ್ಪೆ ಚಿವುಟಿದಂತಿರುವುದು ಬರ್ಗಮಾಟ್. ಅದಕ್ಕೆ ಮರುಳಾಗಿ ದುಡ್ಡು ಕೊಡುವವರೇ ಹೆಚ್ಚು. ಬೆಳಗಿನ ಕಾಗದದಲ್ಲಿ ಬರೀ ಸಕ್ಕರೆಪಾಕದ ಸಿಹಿ ಉಳಿದಿದ್ದರೆ ಅದು ಹೆಸರಿಗೆ ಮಾತ್ರ ಶಿಪ್ರ್.

ಕಾಗದದಲ್ಲಿ ಗೆದ್ದದ್ದನ್ನು ಮಾತ್ರ ಮೈಗೆ ಹಾಕಿ. ಮೊಣಕೈ ಒಳಮಡಿಕೆಗೆ ಒಂದು ಹನಿ ಹಚ್ಚಿ ಎರಡು ದಿನ ನೋಡಿ. ಕೆಂಪಾದರೆ, ತುರಿಸಿದರೆ ಅಲ್ಲಿಗೇ ಬಿಡಿ. ಏನೂ ಆಗದಿದ್ದರೆ ಮುಂಗೈಗೆ 15 ಸೆಂ.ಮೀ ದೂರದಿಂದ ಒಂದು ಸ್ಪ್ರೇ. ಮಣಿಕಟ್ಟು ಉಜ್ಜಬೇಡಿ, ಆ ಬಿಸಿಗೆ ಮೇಲಿನ ಪರಿಮಳ ಬೇಗ ಹಾರುತ್ತದೆ. ಆರು ಗಂಟೆ ಬಿಡಿ. ನಡುವೆ ‘ಅಜ್ಜಿಯ ಟ್ರಂಕಿನ ವಾಸನೆ’ ಅನ್ನಿಸುವ ಒಂದು ಹೊತ್ತು ಬರುತ್ತದೆ. ಅದಕ್ಕೇ ಹೆದರಿ ತೊಳೆದುಕೊಂಡರೆ ಆಮೇಲೆ ಬರುವ ತಳ ತಿಳಿಯುವುದೇ ಇಲ್ಲ. ಜುಲೈನ ಥಂಡಿಯಲ್ಲಿ ಇದೆಲ್ಲ ನಿಧಾನ. ಹಾಸನದ ಏಪ್ರಿಲ್ ಬಿಸಿಲಿನಲ್ಲಿ ಅರ್ಧಕ್ಕರ್ಧ ಬೇಗ. ಎರಡು ಹವೆಯಲ್ಲೂ ಒಮ್ಮೊಮ್ಮೆ ನೋಡುವುದು ಒಳ್ಳೆಯದು.

ಮೂಗು ದಣಿದರೆ ಅಂಗಡಿಯವರು ಕಾಫಿಬೀಜ ಮುಂದಿಡುತ್ತಾರೆ. ನಮ್ಮ ಕಡೆ ಅದಕ್ಕೇನು ಬರವೇ! ಆದರೆ ಕಾಫಿಯೂ ಇನ್ನೊಂದು ಗಟ್ಟಿ ವಾಸನೆಯಷ್ಟೆ. ಏನೂ ಹಚ್ಚದ ನಿಮ್ಮದೇ ತೋಳು ಮೂಸಿ, ಐದು ನಿಮಿಷ ಹೊರಗೆ ನಿಂತು ಬನ್ನಿ. ದಿನಕ್ಕೆ ಮೂರು ಸೆಂಟಿಗಿಂತ ಹೆಚ್ಚು ಬೇಡ.

ರೇಷ್ಮೆ ಸೀರೆಗೆ ನೇರ ಹೊಡೆಯಬೇಡಿ, ಕಲೆ ಕೂರುತ್ತದೆ. ಉಳಿದ ಸ್ಯಾಂಪಲನ್ನು ಬಚ್ಚಲಿನಲ್ಲಿಡದೆ ಡಬ್ಬದಲ್ಲಿ ಹಾಕಿ ಕಪಾಟಿನ ಕತ್ತಲಲ್ಲಿಡಿ. ಅರ್ಧ ಖಾಲಿಯಾದ ಶೀಶೆಯಲ್ಲಿ ಗಾಳಿ ಸೇರಿ ಮೊದಲು ಕೆಡುವುದು ಬರ್ಗಮಾಟೇ. ಮೇಲುಗಡೆ ನೇಲ್ ಪಾಲಿಷ್ ವಾಸನೆ ಬಂದರೆ ಆ ಸ್ಯಾಂಪಲ್ ನಂಬಿ ಬಾಟಲಿ ಬೇಡ ಎನ್ನಬೇಡಿ, ಹೊಸದೊಂದು ತರಿಸಿ ನೋಡಿ.