ಸುದ್ದಿ ಅನ್ನುವ ಹಾಗಿಲ್ಲ, ಆದರೂ ಹೇಳಬೇಕು

ನಮ್ಮದು ಮೈಸೂರು ಸೀಮೆಯ ಒಂದು ಸಮುದಾಯ ರೇಡಿಯೋ. ನೂರು ವ್ಯಾಟ್ ಟ್ರಾನ್ಸ್‌ಮಿಟರ್. ಹತ್ತು ಹದಿನೈದು ಕಿಲೋಮೀಟರ್ ದಾಟಿದರೆ ಬರೀ ಗೊರಗೊರ. ಇಂಥ ರೇಡಿಯೋಗಳು ತಾವೇ ಸುದ್ದಿ ಮಾಡಿ ಓದುವ ಹಾಗಿಲ್ಲ, ಅದು ನಿಯಮ. ಹವಾಮಾನ, ನೀರು, ಕರೆಂಟು, ಆರೋಗ್ಯದ ಎಚ್ಚರಿಕೆ ಅಂತ ಸ್ಥಳೀಯ ಆಡಳಿತ ಕೊಡುವ ಪ್ರಕಟಣೆ ಹೇಳಬಹುದು. 2020ರಲ್ಲಿ ನಾನು ಕೆಲಸ ಮಾಡಿದ್ದು ಆ ಸಂದಿಯಲ್ಲೇ. ನಾವು 'ಮಾಹಿತಿ' ಅನ್ನುತ್ತಿದ್ದೆವು, ಕೇಳುಗರು ನ್ಯೂಸ್ ಅಂತಲೇ ಕರೆಯುತ್ತಿದ್ದರು.

ಮಾರ್ಚ್ 25ಕ್ಕೆ ಲಾಕ್‌ಡೌನ್ ಶುರುವಾಯಿತು. ಅದರ ಬೆನ್ನಲ್ಲೇ ನಂಜನಗೂಡಿನ ಔಷಧ ಕಾರ್ಖಾನೆಯ ನೌಕರರೊಬ್ಬರಿಗೆ ಕೊರೊನಾ ಸೋಂಕು ಬಂತು. ಅಲ್ಲಿಂದ ಹಬ್ಬಿ ಸೋಂಕಿತರ ಸಂಖ್ಯೆ ಎಪ್ಪತ್ತರ ಗಡಿ ದಾಟಿತು. ನಮ್ಮ ಹುಡುಗ ಹುಡುಗಿಯರು ಸ್ಟುಡಿಯೋಗೆ ಬರುವುದು ನಿಂತಿತು. ನಾನು ಮನೆಯಲ್ಲೇ, ಬೇರೆ ಸದ್ದು ಸೇರದಿರಲಿ ಅಂತ ರಗ್ಗು ಹೊದ್ದು, ಮೊಬೈಲಿಗೆ ಓದುತ್ತಿದ್ದೆ. ಏಪ್ರಿಲ್ ಸೆಖೆ ಬೇರೆ. ಫ್ಯಾನು ಹಾಕಿದರೆ ಅದರದ್ದೇ ಸದ್ದು.

ಮೊದಲು ತಲೆ ಕೆಟ್ಟಿದ್ದು ಪದಗಳಿಗೆ. ಎಲ್ಲರೂ 'ಸಾಮಾಜಿಕ ಅಂತರ' ಅನ್ನುತ್ತಿದ್ದರು. ದಲಿತ ಕೇರಿಯಿಂದ ಒಬ್ಬರು ಫೋನ್ ಮಾಡಿ, "ಅದು ನಮಗೇನು ಹೊಸದಾ ಮೇಡಂ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅವತ್ತಿನಿಂದ ಆ ಮಾತು ಬಿಟ್ಟೆ. ಆರು ಅಡಿ ಅಂದರೆ ಎಷ್ಟು ಅಂತ ಅಜ್ಜಿಯರಿಗೆ ಹೇಳಬೇಕಲ್ಲ? ನಮ್ಮ ಕಡೆ ಹೂವು ಅಳೆಯುವುದು ಮೊಳ, ಮಾರಿನ ಲೆಕ್ಕದಲ್ಲಿ. ನಾಲ್ಕು ಮೊಳಕ್ಕೆ ಒಂದು ಮಾರು, ಅದು ಸರಿಯಾಗಿ ಆರು ಅಡಿ! "ಒಂದು ಮಾರು ಮಲ್ಲಿಗೆ ಹಿಡಿಯುವಷ್ಟು ಜಾಗ ಬಿಟ್ಟು ನಿಲ್ಲಿ" ಅಂತ ಓದಿದೆ. ರೇಷನ್ ಅಂಗಡಿಯವರು ಅದನ್ನೇ ಕೂಗುತ್ತಿದ್ದಾರೆ ಅಂತ ಆಮೇಲೆ ಆಶಾ ಕಾರ್ಯಕರ್ತೆಯೊಬ್ಬರು ಹೇಳಿದರು. ನನ್ನ ಇಷ್ಟು ವರ್ಷದ ಕೆಲಸದಲ್ಲಿ ಅಷ್ಟು ದೂರ ಹೋದ ವಾಕ್ಯ ಇನ್ನೊಂದಿಲ್ಲ.

ತಪ್ಪಾಗಿದ್ದು ಬೇರೆ ಕಡೆ. ಆರೋಗ್ಯ ಇಲಾಖೆಯ ಬುಲೆಟಿನ್ ವಾಟ್ಸಾಪಿಗೆ ಬರುತ್ತಿತ್ತು. ಪೇಷೆಂಟ್ ಅನ್ನುವುದಕ್ಕೆ ಪಿ ಅಕ್ಷರ, ಒಂದು ನಂಬರು, ವಯಸ್ಸು, ಗಂಡೋ ಹೆಣ್ಣೋ, ಜಿಲ್ಲೆ. ಎಷ್ಟೋ ಸಲ ಊರಿನ ಹೆಸರು ಇರುತ್ತಿರಲಿಲ್ಲ. ಒಂದು ಸಂಜೆ ಪಂಚಾಯಿತಿಯವರಿಂದ ತಿಳಿದ ಊರಿನ ಹೆಸರನ್ನು ನಾನೇ ಸೇರಿಸಿ ಓದಿಬಿಟ್ಟೆ. ಜನ ಹುಷಾರಾಗಲಿ ಅನ್ನುವುದು ನನ್ನ ಲೆಕ್ಕ. ಇನ್ನೂರು ಮನೆಯ ಊರಲ್ಲಿ ವಯಸ್ಸು ಹೇಳಿದರೆ ಹೆಸರು ಹೇಳಿದ ಹಾಗೇ ಅಲ್ವಾ? ಮಾರನೇ ದಿನ ಡೇರಿಯಲ್ಲಿ ಆ ಮನೆಯ ಹಾಲು ತೆಗೆದುಕೊಳ್ಳಲಿಲ್ಲ.

ಆಮೇಲೆ ತಾಲ್ಲೂಕಿನ ಹೆಸರಷ್ಟೇ ಹೇಳತೊಡಗಿದೆ. ಅದರಿಂದ ಇನ್ನೊಂದು ತೊಂದರೆ. ಯಾವ ಊರು ಅಂತ ಹೇಳದಿದ್ದರೆ ಎಲ್ಲ ಊರ ಮೇಲೂ ಅನುಮಾನ. ದಿನಕ್ಕೆ ಮೂವತ್ತು ನಲವತ್ತು ಫೋನು. "ನಮ್ಮೂರಾ? ನಮ್ಮೂರಾ?" ಒಬ್ಬೊಬ್ಬರಿಗೂ ಸುಮ್ನೆ ಒಂದೇ ಉತ್ತರ: ಯಾವ ಊರಾದರೂ ನೀವು ಮಾಡಬೇಕಾದ್ದು ಇಷ್ಟೇ. ಕೆಲವರು ಬೈದರು. ಬೈಸಿಕೊಳ್ಳುವುದು ಹಾಲು ವಾಪಸ್ ಕಳಿಸುವುದಕ್ಕಿಂತ ವಾಸಿ ಅಂದುಕೊಂಡೆ.

ಆ ಮನೆಯವರು ಗುಣವಾಗಿ ಬಂದರು. ಅವರಿಗೆ ಫೋನ್ ಮಾಡಲು ನಾಲ್ಕು ದಿನ ಹಿಡಿಯಿತು ನನಗೆ. ಮೊದಲು ಕ್ಷಮೆ ಕೇಳಿದೆ. ಆಮೇಲೆ, ಹೆಸರು ಹೇಳದೆ ನಿಮ್ಮ ಮಾತು ಹಾಕಬಹುದಾ ಅಂದೆ. ಇಪ್ಪತ್ತು ನಿಮಿಷ ಮಾತಾಡಿದರು. ಜಾಸ್ತಿ ಹೇಳಿದ್ದು ಹಸುವಿನ ಬಗ್ಗೆ. ಆಸ್ಪತ್ರೆಯಲ್ಲಿದ್ದಷ್ಟು ದಿನ ಅದನ್ನು ಯಾರು ಕರೆದರು, ಮೇವು ಯಾರು ಹಾಕಿದರು, ಯಾರು ಆ ಕಡೆ ತಲೆಯೂ ಹಾಕಲಿಲ್ಲ, ಎಲ್ಲ ಹೆಸರು ಹಿಡಿದು ಹೇಳಿದರು. ರೇಡಿಯೋದವರನ್ನೂ ಬಿಡಲಿಲ್ಲ.

ನಾಲ್ಕು ನಿಮಿಷಕ್ಕೆ ಇಳಿಸಿದೆ. ಜನರ ಹೆಸರುಗಳನ್ನೆಲ್ಲ ಕತ್ತರಿಸಿದೆ. ನಮಗೆ ಬೈದಿದ್ದನ್ನು ಹಾಗೇ ಉಳಿಸಿದೆ. ಬೆಳಿಗ್ಗೆ ಡೇರಿಗೆ ಹಾಲು ಹಾಕುವ ಹೊತ್ತಿಗೆ ಸರಿಯಾಗಿ ಪ್ರಸಾರ ಮಾಡಿದೆವು.