ಐದು ವಾರದ ಸಾಲ: ಹಳಿ ತಪ್ಪಿದ ಸೆಮಿಸ್ಟರ್‌ಗೆ ಕಾನೂನು ಕಾಲೇಜು ಹೊಸ ವೇಳಾಪಟ್ಟಿ ಹೆಣೆಯುವುದು ಹೇಗೆ?

ಮಳೆಯೋ ಮುಷ್ಕರವೋ ಸಾಂಕ್ರಾಮಿಕವೋ, ಸೆಮಿಸ್ಟರಿನ ನಡುವೆ ಐದು ವಾರ ಕಾಲೇಜು ಮುಚ್ಚಿತು ಎನ್ನಿ. ಬಾಗಿಲು ತೆರೆದ ದಿನ ಪ್ರಾಂಶುಪಾಲರ ಕೊಠಡಿಯಲ್ಲಿ ಯಾರಾದರೊಬ್ಬರು ‘ಭಾನುವಾರವೂ ತರಗತಿ ಇಟ್ಟುಬಿಡೋಣ’ ಎನ್ನುತ್ತಾರೆ. ಇಡಬೇಡಿ. ಕ್ಯಾಲೆಂಡರ್ ಮುಟ್ಟುವ ಮೊದಲು ಒಂದು ಹಾಳೆ, ಒಂದು ಪೆನ್ಸಿಲ್ ತೆಗೆದುಕೊಂಡು ಎಷ್ಟು ಬಾಕಿ ಇದೆ ಎಂದು ಬರೆಯಿರಿ.

ಮೊದಲು ಲೆಕ್ಕ

ಭಾರತೀಯ ವಕೀಲರ ಪರಿಷತ್ತಿನ 2008ರ ಕಾನೂನು ಶಿಕ್ಷಣ ನಿಯಮಗಳ ಪ್ರಕಾರ ಮೂರು ವರ್ಷದ ಎಲ್‌ಎಲ್‌ಬಿಯಲ್ಲಿ ಸೆಮಿಸ್ಟರ್ ಒಂದಕ್ಕೆ ಕನಿಷ್ಠ 15 ವಾರ, ಐದು ವರ್ಷದ ಸಂಯೋಜಿತ ಕೋರ್ಸಿನಲ್ಲಿ 18 ವಾರ ಬೇಕು. ವಾರಕ್ಕೆ 30 ತರಗತಿ ಗಂಟೆ. ಅದರಲ್ಲಿ 24 ಉಪನ್ಯಾಸವೇ ಆಗಿರಬೇಕು. ಒಟ್ಟು ಕ್ರಮವಾಗಿ 450 ಮತ್ತು 540 ಗಂಟೆ. ಐದು ವಾರ ಹೋದರೆ ಬಾಕಿ 150 ಗಂಟೆ.

ಹಲವರು ಎಡವುವುದು ಇಲ್ಲಿಯೇ. ಮೂರು ವರ್ಷದವರಿಗೆ ಉಳಿದಿರುವ ಹತ್ತು ವಾರದಲ್ಲಿ ದಿನಕ್ಕೆ ಎರಡೂವರೆ ಗಂಟೆ ಹೆಚ್ಚಿಗೆ ಪಾಠ ಮಾಡಿದರೆ 150 ಗಂಟೆಯ ಲೆಕ್ಕ ಕಾಗದದ ಮೇಲೆ ಚುಕ್ತಾ ಆಗುತ್ತದೆ. ಆದರೆ ನಿಯಮ ಗಂಟೆಯ ಜೊತೆಗೆ ವಾರವನ್ನೂ ಎಣಿಸುತ್ತದೆ. ಪರಿಷತ್ತು ಲಿಖಿತವಾಗಿ ವಿನಾಯಿತಿ ಕೊಡದಿದ್ದರೆ ಸೆಮಿಸ್ಟರಿನ ಕೊನೆಯ ದಿನ ಮುಂದೆ ಸರಿಯಲೇಬೇಕು. ಬೆಳಗಿನ ಎಂಟರಿಂದ ಸಂಜೆ ಏಳರವರೆಗೆ ಮಕ್ಕಳನ್ನು ಕೂಡಿಹಾಕಿದರೆ ಅದು ತಪ್ಪುವುದಿಲ್ಲ. ಏಳನೇ ಗಂಟೆಯ ಪಾಠದಲ್ಲಿ ಆಸ್ತಿ ವರ್ಗಾವಣೆ ಕಾಯಿದೆ ಯಾರ ತಲೆಗೂ ಇಳಿಯುವುದಿಲ್ಲ, ಹೇಳುವವರ ತಲೆಗೂ.

ವಾರಗಳನ್ನು ಎಲ್ಲಿಂದ ತರುವುದು?

ಐದು ವರ್ಷದವರ ವೇಳಾಪಟ್ಟಿಯನ್ನೇ ಮೊದಲು ಹೆಣೆಯಿರಿ. ಅವರಲ್ಲಿ ಸಡಿಲು ಕಡಿಮೆ. ವರ್ಷದ 52 ವಾರದಲ್ಲಿ 36 ಪಾಠಕ್ಕೇ ಹೋಗುತ್ತದೆ. ಉಳಿದ 16ರಲ್ಲಿ ಎರಡು ಸುತ್ತು ಪರೀಕ್ಷೆಗೆ ಆರು, ಇಂಟರ್ನ್‌ಶಿಪ್‌ಗೆ ನಾಲ್ಕು ತೆಗೆದಿಟ್ಟರೆ ಕೈಯಲ್ಲಿ ಆರೇ ವಾರ. ಇದೇ ಲೆಕ್ಕದಲ್ಲಿ ಮೂರು ವರ್ಷದವರಿಗೆ ಹನ್ನೆರಡು ಉಳಿಯುತ್ತದೆ. ಆ ಆರರಲ್ಲಿ ಐದನ್ನು ಒಂದೇ ಏಟಿಗೆ ನುಂಗಿದರೆ ವಿದ್ಯಾರ್ಥಿಯೂ ಅಧ್ಯಾಪಕರೂ ಬಳಲುತ್ತಾರೆ. ಕಂತು ಮಾಡಿ: ಈ ಸೆಮಿಸ್ಟರ್ ಮುಗಿದ ಮೇಲಿನ ರಜೆಯಲ್ಲಿ ಎರಡು ವಾರ, ಮುಂದಿನದರಲ್ಲಿ ಎರಡು, ಅದರಾಚೆಯದರಲ್ಲಿ ಒಂದು. ಮೂರು ಸೆಮಿಸ್ಟರ್ ಕಳೆಯುವಷ್ಟರಲ್ಲಿ ಕ್ಯಾಲೆಂಡರ್ ತನ್ನ ಹಳೆಯ ಜಾಗಕ್ಕೆ ಬಂದಿರುತ್ತದೆ.

ಅಂತಿಮ ವರ್ಷದವರಿಗೆ ಈ ಕಂತಿನ ಸೌಲಭ್ಯವಿಲ್ಲ. ಅವರ ಫಲಿತಾಂಶಕ್ಕೆ ರಾಜ್ಯ ವಕೀಲರ ಪರಿಷತ್ತಿನ ನೋಂದಣಿ, ಎಲ್‌ಎಲ್‌ಎಂ ಪ್ರವೇಶ ಎಲ್ಲವೂ ಕಾದಿರುತ್ತವೆ. ಕೊಠಡಿ, ಅಧ್ಯಾಪಕರು, ಮೌಖಿಕ ಪರೀಕ್ಷೆಯ ದಿನ ಇವೆಲ್ಲದರಲ್ಲೂ ಅವರಿಗೆ ಮೊದಲ ಪಾಲು.

ರಜೆ ಕತ್ತರಿಸುವಾಗ ಇಂಟರ್ನ್‌ಶಿಪ್ ಜೊತೆಗೇ ಕತ್ತರಿಸಿಹೋಗದಂತೆ ನೋಡಿಕೊಳ್ಳಿ. ಮೂರು ವರ್ಷದವರಿಗೆ ಒಟ್ಟು 12 ವಾರ, ಐದು ವರ್ಷದವರಿಗೆ 20 ವಾರ ಕಡ್ಡಾಯ. ಸತತ ನಾಲ್ಕು ವಾರಕ್ಕಿಂತ ಹೆಚ್ಚು ಮಾಡುವಂತಿಲ್ಲವಾದ್ದರಿಂದ ಬಾಕಿಯನ್ನೆಲ್ಲ ಕೊನೆಯ ರಜೆಗೆ ತಳ್ಳಲಾಗದು.

ನ್ಯಾಯಾಲಯಕ್ಕೂ ರಜೆ ಇದೆ

ಪ್ರಾಯೋಗಿಕ ಪತ್ರಿಕೆಯಲ್ಲಿ ಪ್ರತಿ ವಿದ್ಯಾರ್ಥಿ ಒಂದು ಸಿವಿಲ್, ಒಂದು ಕ್ರಿಮಿನಲ್ ವಿಚಾರಣೆಯನ್ನು ಕಣ್ಣಾರೆ ನೋಡಿ ದಾಖಲಿಸಬೇಕು. ವಕೀಲರ ಕಚೇರಿಯಲ್ಲಿ ಕಕ್ಷಿದಾರರ ಸಂದರ್ಶನ ಎರಡು ಸಲ ನೋಡಬೇಕು. ಸೆಮಿಸ್ಟರ್ ಜಾರಿ ಏಪ್ರಿಲ್–ಮೇ ತಲುಪಿದರೆ ಡೈರಿ ಹಿಡಿದು ಸಿವಿಲ್ ನ್ಯಾಯಾಲಯಕ್ಕೆ ಹೋದವರಿಗೆ ಬೇಸಿಗೆ ರಜೆಯ ಬೀಗ ಸಿಗುತ್ತದೆ. ದಸರಾ ರಜೆಯದೂ ಇದೇ ಕಥೆ. ಆದ್ದರಿಂದ ಕಾಲೇಜು ತೆರೆದ ಮೊದಲ ತಿಂಗಳಲ್ಲೇ ಇದನ್ನು ಮುಗಿಸಿ. ಉಪನ್ಯಾಸವನ್ನು ಆಮೇಲೂ ಮಾಡಬಹುದು.

ವಿದ್ಯಾರ್ಥಿಗಳೇ ವಕೀಲರಂತೆ ವಾದಿಸುವ ಅಣಕು ನ್ಯಾಯಾಲಯ ನೋಡಲು ಬೆಟ್ಟದಂತೆ ಕಂಡರೂ ಎಣಿಸಿದರೆ ಅಷ್ಟೇನಿಲ್ಲ. 60 ಜನರ ವಿಭಾಗದಲ್ಲಿ ಪ್ರತಿ ಕಕ್ಷಿಯ ಪರವಾಗಿ ಇಬ್ಬರಂತೆ ನಾಲ್ವರಿಗೊಂದು ಪ್ರಕರಣ ಕೊಟ್ಟರೆ 15 ಪೀಠ. ತಲಾ 40 ನಿಮಿಷವೆಂದರೆ ಹತ್ತು ಗಂಟೆ. ಮೂರು ಕೊಠಡಿಯಲ್ಲಿ ಮೂವರು ಅಧ್ಯಾಪಕರು ಕುಳಿತರೆ ಒಂದು ಶನಿವಾರ ಮಧ್ಯಾಹ್ನ ಒಂದು ಸುತ್ತು ಮುಗಿಯುತ್ತದೆ.

ಪಠ್ಯದಲ್ಲಿ ಜೋಡಣೆ

ಪಠ್ಯಕ್ರಮ ಕಡಿತಗೊಳಿಸುವ ಅಧಿಕಾರ ಕಾಲೇಜಿಗಿಲ್ಲ. ಆದರೆ ಒಂದೇ ವಿಷಯ ಎರಡು ಪತ್ರಿಕೆಯಲ್ಲಿ ಬಂದರೆ ಎರಡು ಸಲ ಹೇಳಬೇಕಾಗಿಲ್ಲ. ವ್ಯಾಜ್ಯವನ್ನು ಕೋರ್ಟಿನ ಹೊರಗೆ ಬಗೆಹರಿಸಲು ಕಳಿಸುವ ಸಿವಿಲ್ ಪ್ರಕ್ರಿಯಾ ಸಂಹಿತೆಯ 89ನೇ ಕಲಮು ಪರ್ಯಾಯ ವ್ಯಾಜ್ಯ ಪರಿಹಾರದ ಪತ್ರಿಕೆಯಲ್ಲೂ ಹಣಕುತ್ತದೆ. ಇಬ್ಬರು ಅಧ್ಯಾಪಕರು ಒಂದು ಜಂಟಿ ತರಗತಿ ತೆಗೆದುಕೊಳ್ಳಲಿ. ಅರ್ಜಿ ಕರಡು ಬರೆಯುವ ತರಗತಿಯಲ್ಲಿ ನಿರೀಕ್ಷಣಾ ಜಾಮೀನಿನ ಅರ್ಜಿ ಬರೆಸುವ ವಾರವೇ ಆ ಜಾಮೀನಿನ ಬಗ್ಗೆ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 482ನೇ ಕಲಮಿನ ಪಾಠ ನಡೆದರೆ ಎರಡೂ ಬೇಗ ತಲೆಗೆ ಹತ್ತುತ್ತವೆ.

ಹಾಜರಾತಿಯ ಬಿಸಿ

ನಿಯಮ ಕೇಳುವ ಕನಿಷ್ಠ 70% ಹಾಜರಾತಿ ಎಂಬುದು ‘ನಡೆದ ತರಗತಿಗಳ’ ಶೇಕಡಾವಾರು. ಹೆಚ್ಚುವರಿ ತರಗತಿ ಇಟ್ಟಷ್ಟೂ ಆ ಮೊತ್ತ ಹಿಗ್ಗುತ್ತದೆ. ಹಿಂದಿನ ರಾತ್ರಿ ವಾಟ್ಸ್‌ಆ್ಯಪ್‌ನಲ್ಲಿ ತಿಳಿಸಿ ಬೆಳಿಗ್ಗೆ ಎಂಟಕ್ಕೆ ಪಾಠ ಮಾಡಿದರೆ ಮಂಡ್ಯದಿಂದ ರೈಲು ಹತ್ತಿ ಬೆಂಗಳೂರಿಗೆ ಬರುವ ಹುಡುಗಿಯ ಹಾಜರಾತಿ ಅವಳ ತಪ್ಪಿಲ್ಲದೆ ಕುಸಿಯುತ್ತದೆ. ಕನಿಷ್ಠ ಒಂದು ವಾರ ಮೊದಲು ಸೂಚನಾ ಫಲಕಕ್ಕೆ ಹಾಕಿ. ಹಾಜರಾತಿ ಕೊರತೆಗಾಗಿ ಪರೀಕ್ಷೆಯಿಂದ ತಡೆಯಕೂಡದೆಂದು ದೆಹಲಿ ಹೈಕೋರ್ಟ್ 2025ರ ನವೆಂಬರ್‌ನಲ್ಲಿ ಹೇಳಿದ ಮೇಲಂತೂ ಈ ವಿಷಯದಲ್ಲಿ ಹಟ ಬೇಡ.

ಹುಬ್ಬಳ್ಳಿಗೆ ಒಂದು ಪತ್ರ

ಪರೀಕ್ಷಾ ದಿನಾಂಕ ನಿಮ್ಮ ಕೈಯಲ್ಲಿಲ್ಲ. ನಿಮ್ಮ ಕಾಲೇಜು ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಅಧೀನದಲ್ಲಿದ್ದರೆ ಅಲ್ಲಿಗೆ ನಡೆದ ಗಂಟೆ, ಬಾಕಿ ಗಂಟೆ, ಬೇಕಾದ ವಾರ ಎಂಬ ಮೂರು ಅಂಕಣದ ಪಟ್ಟಿಯೊಂದಿಗೆ ಬರೆಯಿರಿ. ‘ದಯವಿಟ್ಟು ಪರೀಕ್ಷೆ ಮುಂದೂಡಿ’ ಎಂಬ ಒಂದು ಸಾಲಿಗಿಂತ ಈ ಪಟ್ಟಿಗೆ ತೂಕ ಹೆಚ್ಚು.

ಹೊಸಬರ ಹಾಳೆ ಬೇರೆ

ಪ್ರವೇಶವೇ ತಡವಾದರೆ? 2020ರಲ್ಲಿ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಸಾಮಾನ್ಯ ಪ್ರವೇಶ ಪರೀಕ್ಷೆಯಾದ ಸಿಎಲ್‌ಎಟಿ ಮುಂದೂಡುತ್ತಲೇ ಹೋದಾಗ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆ, ತನ್ನದು ತ್ರೈಮಾಸಿಕ ಪದ್ಧತಿ, ಹೀಗೇ ಬಿಟ್ಟರೆ ವರ್ಷವೇ ಶೂನ್ಯವಾದೀತು ಎಂದು ಸ್ವಂತ ಪ್ರವೇಶ ಪರೀಕ್ಷೆ ನಡೆಸಿತು. ಸೆಪ್ಟೆಂಬರ್ 21ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದುಪಡಿಸಿ, 28ಕ್ಕೆ ಸಿಎಲ್‌ಎಟಿ ನಡೆಯಲಿ, ಅಕ್ಟೋಬರ್ ಮಧ್ಯಕ್ಕೆ ತರಗತಿ ಶುರುವಾಗಲಿ ಎಂದಿತು. ತಡವಾಗಿ ಬಂದವರನ್ನು ಹಿರಿಯರ ಪಟ್ಟಿಗೆ ಎಳೆದು ಕಟ್ಟಬೇಡಿ. ಅವರು ಬಂದ ಸೋಮವಾರವನ್ನೇ ಒಂದನೇ ವಾರವೆಂದು ಬರೆದು ಎಣಿಕೆ ಆರಂಭಿಸಿ.