ಚೀಟಿ ಇಲ್ಲದೆ ಮಾತ್ರೆ ಇಲ್ಲ: ರಾಯಚೂರಿನ ಒಂದು ಬೀದಿಯ ಅಂಗಡಿಗಳು ಒಟ್ಟಾದ ಬಗೆ

ರಾಯಚೂರಿನಲ್ಲಿ ಗಂಜ್ (ಕೃಷಿ ಮಾರುಕಟ್ಟೆ) ಕಡೆಗೆ ಹೋಗುವ ರಸ್ತೆಗೆ ಹೊಂದಿಕೊಂಡ ಒಂದು ಬೀದಿಯಲ್ಲಿ ನಾನು ಔಷಧ ಅಂಗಡಿ ನಡೆಸುತ್ತೇನೆ. ಪಕ್ಕದಲ್ಲಿ ಕಿರಾಣಿ ಅಂಗಡಿ ಮತ್ತು ಝೆರಾಕ್ಸ್ ಅಂಗಡಿ ಇವೆ. ಎದುರಿಗೆ ಅಕ್ಕನೊಬ್ಬರ ಚಹಾದಂಗಡಿ, ಒಂದು ಪಾನ್ ಡಬ್ಬಾ, ಅದರಾಚೆ ಪಂಕ್ಚರ್ ಹಾಕುವ ಚಾಚಾ. ಕೆಲವು ವರ್ಷಗಳ ಹಿಂದೆ ಈ ಬೀದಿಯಲ್ಲಿ ರಾತ್ರಿ ಎಂಟು ಗಂಟೆಯ ನಂತರ ಹೆಣ್ಣುಮಕ್ಕಳು ಓಡಾಡುವುದೇ ನಿಂತುಹೋಗಿತ್ತು. ಶಟರಿನ ಬೀಗ ಮುರಿಯುವುದು, ಹೊರಗಿಟ್ಟ ಗ್ಯಾಸ್ ಸಿಲಿಂಡರ್ ಕಾಣೆಯಾಗುವುದು, ಉದ್ರಿ ಕೊಡದಿದ್ದರೆ ಗಾಜು ಒಡೆಯುವುದು ಮಾಮೂಲಾಗಿದ್ದವು. ಇವೆಲ್ಲದರ ಹಿಂದೆ ನಶೆ ಇದೆಯೆಂಬುದು ಎಲ್ಲರಿಗೂ ಗೊತ್ತಿತ್ತು. ಆದರೆ ಆ ನಶೆಯ ಒಂದು ಪಾಲು ನಮ್ಮ ಕೌಂಟರುಗಳ ಮೇಲಿಂದಲೇ ದಾಟಿ ಹೋಗುತ್ತಿದೆ ಎಂಬುದನ್ನು ಒಪ್ಪಿಕೊಂಡು ಮಾತನಾಡಲು ಯಾರಿಗೂ ಮನಸ್ಸಿರಲಿಲ್ಲ. ಅಂಗಡಿಯವರು ಒಟ್ಟಾಗಿ ಏನು ಮಾಡಬಲ್ಲರು ಎಂಬುದನ್ನು ನಾನು ಕಂಡಂತೆ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಜಿಲ್ಲೆಯ ನಶೆಗೆ ತನ್ನದೇ ಆದ ಸ್ವರೂಪವಿದೆ. ಗಾಂಜಾ ಎಲ್ಲೆಡೆಯಂತೆ ಇಲ್ಲಿಯೂ ಇದೆ. ಆದರೆ ತೆಲಂಗಾಣದ ಗಡಿಗೆ ಅಂಟಿಕೊಂಡ ಈ ಭಾಗದ ಬಡವರನ್ನು ಹೆಚ್ಚು ಹಾಳು ಮಾಡಿರುವುದು ಸಿ.ಎಚ್. ಪೌಡರ್ ಬೆರೆಸಿದ ಸೇಂದಿ. ಸಿ.ಎಚ್. ಎಂದರೆ ಕ್ಲೋರಲ್ ಹೈಡ್ರೇಟ್. ಹತ್ತೊಂಬತ್ತನೆಯ ಶತಮಾನದಲ್ಲಿ ನಿದ್ರೆಯ ಔಷಧವಾಗಿ ಬಳಕೆಗೆ ಬಂದ ರಾಸಾಯನಿಕ. ಮರದಿಂದ ಇಳಿಸಿದ ಸೇಂದಿಯ ಹನಿಯೂ ಇಲ್ಲದ ನೀರಿಗೆ ಈ ಪುಡಿ, ಸ್ಯಾಕರಿನ್, ನೊರೆ ಬರಿಸುವ ಪದಾರ್ಥ ಸೇರಿಸಿ ಮಾರುವವರಿದ್ದಾರೆ. ಇದರ ಜೊತೆಗೆ ಆಲ್ಪ್ರಜೋಲಾಮ್, ಡಯಾಜೆಪಾಮ್‌ಗಳಂಥ ನಿದ್ರೆ ಮಾತ್ರೆಯ ಔಷಧಗಳೂ ಬೆರೆಯುತ್ತವೆ. ಸೇಂದಿ ಸಿಗದ ದಿನ ಕುಡಿಯುವವನ ಕೈ ನಡುಗುತ್ತದೆ, ನಿದ್ದೆ ಹತ್ತುವುದಿಲ್ಲ. ಆಗ ಅವನು ಹುಡುಕಿಕೊಂಡು ಬರುವುದು ಮೆಡಿಕಲ್ ಅಂಗಡಿಯನ್ನೇ. ಹೀಗಾಗಿ ಊರಾಚೆಯ ಸೇಂದಿಗೂ ನನ್ನ ಗಾಜಿನ ಕಪಾಟಿಗೂ ನೇರ ನಂಟಿದೆ.

ಆಲ್ಪ್ರಜೋಲಾಮ್, ಡಯಾಜೆಪಾಮ್, ನೈಟ್ರಾಜೆಪಾಮ್, ಟ್ರಮಡಾಲ್, ಕೊಡೀನ್ ಮೊದಲಾದವು ಔಷಧ ನಿಯಮಗಳ ಎಚ್1 ಅನುಸೂಚಿಯಲ್ಲಿ, ಅಂದರೆ ವೈದ್ಯರ ಚೀಟಿ ಇಲ್ಲದೆ ಮಾರಬಾರದ ಔಷಧಗಳ ಒಂದು ವಿಶೇಷ ಪಟ್ಟಿಯಲ್ಲಿ ಇವೆ. 2014ರ ಮಾರ್ಚ್ 1ರಿಂದ ಜಾರಿಗೆ ಬಂದ ಈ ಏರ್ಪಾಡಿನ ಪ್ರಕಾರ, ಅಂಥ ಔಷಧ ಕೊಟ್ಟಾಗಲೆಲ್ಲ ವೈದ್ಯರ ಹೆಸರು ಮತ್ತು ವಿಳಾಸ, ರೋಗಿಯ ಹೆಸರು, ಔಷಧ, ಕೊಟ್ಟ ಪ್ರಮಾಣ ಇವಿಷ್ಟನ್ನೂ ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಕಾಪಾಡಬೇಕು. ಈ ರಿಜಿಸ್ಟರನ್ನು ಇನ್‌ಸ್ಪೆಕ್ಟರ್ ಬಂದಾಗ ತೋರಿಸುವ ಪುಸ್ತಕವೆಂದಷ್ಟೇ ನೋಡುವುದು ರೂಢಿ. ನಾನು ಅದನ್ನು ವಾರಕ್ಕೊಮ್ಮೆ ಕುಳಿತು ಓದುವ ಅಭ್ಯಾಸ ಮಾಡಿಕೊಂಡೆ. ಒಂದೇ ಹೆಸರು ಬೇರೆ ಬೇರೆ ವೈದ್ಯರ ಚೀಟಿಯೊಂದಿಗೆ ಮರುಕಳಿಸಿದರೆ, ಅಥವಾ ಒಬ್ಬನೇ ಹುಡುಗ ಮೂವರು ಅಜ್ಜಿಯರ ಹೆಸರಿನಲ್ಲಿ ಮಾತ್ರೆ ಒಯ್ದಿದ್ದರೆ, ಅದು ಆ ಸಾಲುಗಳಲ್ಲೇ ಎದ್ದು ಕಾಣುತ್ತದೆ.

ಚೀಟಿಯನ್ನು ಪರೀಕ್ಷಿಸುವ ಬಗೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಬಣ್ಣದ ಝೆರಾಕ್ಸ್ ಬಂದ ಮೇಲೆ ಬರಿಗಣ್ಣನ್ನು ನಂಬುವಂತಿಲ್ಲ. ಚೀಟಿಯನ್ನು ಕೈಗೆ ತೆಗೆದುಕೊಂಡು ಮಗುಚಿ, ಹಿಂಬದಿಯ ಮೇಲೆ ಹೆಬ್ಬೆರಳನ್ನು ಮೆಲ್ಲಗೆ ಎಳೆಯುತ್ತೇನೆ. ಬಾಲ್‌ಪೆನ್ನಿನಲ್ಲಿ ಒತ್ತಿ ಬರೆದಿದ್ದರೆ ಅಕ್ಷರದ ಉಬ್ಬು ಬೆರಳಿಗೆ ಸಿಗುತ್ತದೆ. ನಕಲು ಪ್ರತಿಯಾದರೆ ಕಾಗದ ನುಣ್ಣಗಿರುತ್ತದೆ. ಆಮೇಲೆ ತಾರೀಖು ಮತ್ತು ಮಾತ್ರೆಗಳ ಸಂಖ್ಯೆ ನೋಡುತ್ತೇನೆ. 5ರ ಮುಂದೆ 1 ಸೇರಿಸಿ 15 ಮಾಡಿದ ಚೀಟಿಗಳು ಬರುತ್ತವೆ, ಅಲ್ಲಿ ಶಾಯಿಯ ಬಣ್ಣದಲ್ಲಿ ಒಂದು ಸಣ್ಣ ವ್ಯತ್ಯಾಸವಿರುತ್ತದೆ. ಅನುಮಾನ ಬಂದರೆ ಚೀಟಿಯ ಮೇಲಿರುವ ನಂಬರಿಗೆ ಫೋನ್ ಮಾಡದೆ, ಆ ವೈದ್ಯರ ಆಸ್ಪತ್ರೆಯ ನಂಬರನ್ನು ನಾನೇ ಹುಡುಕಿ ಕೇಳುತ್ತೇನೆ, ಏಕೆಂದರೆ ನಕಲಿ ಚೀಟಿಯಲ್ಲಿ ನಂಬರೂ ನಕಲಿಯಾಗಿರಬಹುದು. ಕೊನೆಗೆ ಔಷಧ ಕೊಟ್ಟ ಮೇಲೆ, ವೈದ್ಯರ ಸಹಿಯ ಮೇಲ್ಭಾಗದಲ್ಲಿ ನಮ್ಮ ಅಂಗಡಿಯ ಹೆಸರು, ವಿಳಾಸ ಮತ್ತು ತಾರೀಖಿನ ಮೊಹರು ಒತ್ತುತ್ತೇನೆ. ಇದು ನಿಯಮದಲ್ಲೇ ಇರುವ ಕೆಲಸ, ಆದರೆ ಬಹಳ ಕಡೆ ಬಿಟ್ಟುಹೋಗಿದೆ. ಮೊಹರಿಲ್ಲದ ಚೀಟಿ ಒಂದೇ ಸಂಜೆಯಲ್ಲಿ ನಾಲ್ಕು ಅಂಗಡಿ ಸುತ್ತಬಲ್ಲದು.

ಆದರೆ ನಾನೊಬ್ಬನೇ ಇಷ್ಟು ಮಾಡಿದರೆ ಆಗುವುದು ಇಷ್ಟೇ: ಗಿರಾಕಿ ಮುಂದಿನ ಬೀದಿಗೆ ಹೋಗುತ್ತಾನೆ, ಹೋಗುವಾಗ ನನಗೆ ಬೈದು ಹೋಗುತ್ತಾನೆ. ನಶೆಗಾಗಿ ಮಾತ್ರೆ ಕೇಳುವವನು ಬೆಲೆಗೆ ಚೌಕಾಸಿ ಮಾಡುವುದಿಲ್ಲ. ಎಂಆರ್‌ಪಿಗಿಂತ ಹೆಚ್ಚು ಕೊಡಲೂ ಸಿದ್ಧನಿರುತ್ತಾನೆ. ಬಾಡಿಗೆ ಕಟ್ಟಲು ಒದ್ದಾಡುತ್ತಿರುವ ಸಣ್ಣ ಅಂಗಡಿಯವನಿಗೆ ಇದು ನಿಜವಾದ ಆಸೆ. ಆದ್ದರಿಂದ ಆಸುಪಾಸಿನ ಮೆಡಿಕಲ್ ಅಂಗಡಿಯವರನ್ನು ಮೊದಲು ಕಂಡೆ. ಕಾನೂನಿನ ಮಾತು ಎತ್ತದೆ, ಒಂದೇ ಪ್ರಶ್ನೆ ಕೇಳಿದೆ: ರಾತ್ರಿ ಶಟರ್ ಇಳಿಸುವಾಗ ನಿಮಗೆ ಹೆದರಿಕೆಯಾಗುತ್ತದೆಯೇ? ಎಲ್ಲರೂ ಹೌದೆಂದರು. ಎಲ್ಲರೂ ಒಂದೇ ದಿನದಿಂದ ಒಂದೇ ಮಾತು ಹೇಳಬೇಕು, ಯಾರಿಗೂ ವಿನಾಯಿತಿ ಇರಬಾರದು ಎಂದು ಒಪ್ಪಂದವಾಯಿತು. "ಚೀಟಿ ಇಲ್ದ ಕೊಡಾಕ ಬರಂಗಿಲ್ಲ ತಮ್ಮಾ, ಯಾವ ಅಂಗಡ್ಯಾಗೂ ಸಿಗಂಗಿಲ್ಲ" ಎಂಬ ಮಾತಿನ ಎರಡನೆಯ ಅರ್ಧಕ್ಕೆ ಮೊದಲ ಅರ್ಧಕ್ಕಿಂತ ಹೆಚ್ಚು ಬಲವಿದೆ; ಅದನ್ನು ಕೇಳಿದ ಮೇಲೆ ಜಗಳಕ್ಕೆ ನಿಲ್ಲುವವರು ಕಡಿಮೆಯಾದರು.

ಬೇರೆ ಅಂಗಡಿಗಳ ಪಾಲೂ ಇತ್ತು. ಪಂಕ್ಚರ್ ಸೊಲ್ಯೂಷನ್ನನ್ನು ಬಟ್ಟೆಗೆ ಸವರಿ ಮೂಸುವ ಚಿಕ್ಕ ಹುಡುಗರು ನಮ್ಮಲ್ಲಿಯೂ ಇದ್ದರು. ದೆಹಲಿಯ ಏಮ್ಸ್ ಸಂಸ್ಥೆ ನಡೆಸಿ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯಲ್ಲಿ, ದೊಡ್ಡವರಿಗಿಂತ ಮಕ್ಕಳಲ್ಲೇ ಬಳಕೆಯ ಪ್ರಮಾಣ ಹೆಚ್ಚಿರುವ ಏಕೈಕ ನಶೆಯೆಂದರೆ ಹೀಗೆ ಮೂಸುವ ಪದಾರ್ಥಗಳು: ಮಕ್ಕಳಲ್ಲಿ ಶೇ 1.17, ದೊಡ್ಡವರಲ್ಲಿ ಶೇ 0.58. ಈ ಅಂಕಿಯನ್ನು ನಾನು ಚಾಚಾ ಅವರಿಗೆ ಹೇಳಿದಾಗ ಅವರು ಬಹಳ ಹೊತ್ತು ಮಾತನಾಡಲಿಲ್ಲ. ಮರುದಿನದಿಂದ ಸೊಲ್ಯೂಷನ್ ಟ್ಯೂಬನ್ನು ಮಕ್ಕಳಿಗೆ ಮಾರುವುದನ್ನು ನಿಲ್ಲಿಸಿದರು. "ಸೈಕಲ್ ತಗೊಂಡ್ ಬಾ ಬೇಟಾ, ಪಂಕ್ಚರ್ ನಾನೇ ಹಾಕ್ತೀನಿ" ಎನ್ನತೊಡಗಿದರು. ಝೆರಾಕ್ಸ್ ಅಂಗಡಿಯವರು ಹಾಗೆಯೇ ಮೂಸಲು ಬಳಕೆಯಾಗುವ ಥಿನ್ನರ್ ಇಡುವುದನ್ನು ಬಿಟ್ಟರು. ಮಕ್ಕಳಿಗೆ ನಶೆಯ ವಸ್ತು ಕೊಡುವವರಿಗೆ 2015ರ ಬಾಲನ್ಯಾಯ ಕಾಯ್ದೆಯ 77ನೇ ಸೆಕ್ಷನ್ನಿನಲ್ಲಿ ಏಳು ವರ್ಷದವರೆಗೆ ಶಿಕ್ಷೆಯಿದೆ ಎಂಬುದನ್ನು ಪಾನ್ ಡಬ್ಬಾದ ಹುಡುಗನಿಗೆ ಓದಿ ಹೇಳಬೇಕಾಯಿತು. ಸಿಗರೇಟು ಸುತ್ತುವ ಬಿಡಿ ಕಾಗದ ಮಾರುವುದು ಅವನಿಗೆ ಒಳ್ಳೆಯ ಲಾಭದ ವಸ್ತುವಾಗಿತ್ತು. ಗಾಂಜಾ ಸೇದುವವರಲ್ಲದೆ ಬೇರೆ ಯಾರೂ ಅದನ್ನು ನಮ್ಮ ಬೀದಿಯಲ್ಲಿ ಕೊಳ್ಳುತ್ತಿರಲಿಲ್ಲ. ಅದನ್ನು ಬಿಡಿಸಲು ನಮಗೆ ಎಲ್ಲಕ್ಕಿಂತ ಹೆಚ್ಚು ಸಮಯ ಹಿಡಿಯಿತು, ಕೊನೆಗೆ ಕಿರಾಣಿ ಸಾವಕಾರರು ಅವನಿಗೆ ಬಿಸ್ಕತ್ತು, ಚಾಕಲೇಟಿನ ಮಾಲನ್ನು ಉದ್ರಿ ಕೊಟ್ಟ ಮೇಲೆ ಅವನು ಒಪ್ಪಿದ. ಒಬ್ಬರ ನಷ್ಟವನ್ನು ಉಳಿದವರು ಸ್ವಲ್ಪ ಹಂಚಿಕೊಳ್ಳದೆ ಇಂಥ ಕೆಲಸ ನಡೆಯುವುದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಬೆಳಕು ಮತ್ತು ಕ್ಯಾಮೆರಾ ಬಗ್ಗೆ ಜನ ಹೆಚ್ಚು ಕೇಳುತ್ತಾರೆ, ಹೇಳುವುದು ಮಾತ್ರ ಕಡಿಮೆಯೇ ಇದೆ. ಕೆಟ್ಟ ಬೀದಿದೀಪಗಳ ಕಂಬದ ಸಂಖ್ಯೆಗಳನ್ನು ಬರೆದು ನಗರಸಭೆಗೆ (ಆಗಿನ್ನೂ ಅದು ಮಹಾನಗರ ಪಾಲಿಕೆಯಾಗಿರಲಿಲ್ಲ) ಅರ್ಜಿ ಕೊಟ್ಟು ಸ್ವೀಕೃತಿ ಪಡೆದೆವು. ದೀಪ ಬರುವವರೆಗೆ ಪ್ರತಿ ಅಂಗಡಿಯೂ ಶಟರಿನ ಮೇಲೆ ಒಂದು ಎಲ್‌ಇಡಿ ಬಲ್ಬನ್ನು ರಾತ್ರಿಯಿಡೀ ಉರಿಸಿತು. ಕ್ಯಾಮೆರಾಗಳು ಗಲ್ಲಾಪೆಟ್ಟಿಗೆಯ ಮೇಲಷ್ಟೇ ಇದ್ದವು; ಪ್ರತಿ ಮೂರನೆಯ ಅಂಗಡಿಯ ಒಂದು ಕ್ಯಾಮೆರಾವನ್ನು ರಸ್ತೆಯ ಕಡೆಗೆ, ಮುಖ ಕಾಣುವ ಎತ್ತರಕ್ಕೆ, ಯಾರ ಮನೆಯ ಬಾಗಿಲಿಗೂ ನೇರವಾಗದಂತೆ ತಿರುಗಿಸಿದೆವು. ರೆಕಾರ್ಡಿಂಗ್ 30 ದಿನ ಉಳಿಯುವಂತೆ ಮಾಡಿ, ಗಡಿಯಾರವನ್ನು ಸರಿಪಡಿಸಿದೆವು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ, ಇಂಥ ದೃಶ್ಯವನ್ನು ಕೋರ್ಟಿಗೆ ಕೊಡುವಾಗ ಉಪಕರಣದ ಹೊಣೆ ಹೊತ್ತವರ ಪ್ರಮಾಣಪತ್ರ ಬೇಕಾಗುತ್ತದೆ. ಆ ಕಾಗದಕ್ಕೆ ಸಹಿ ಮಾಡುವವರು ಯಾರೆಂದು ಮೊದಲೇ ಗೊತ್ತು ಮಾಡಿಕೊಂಡರೆ ಪೊಲೀಸರ ಕೆಲಸವೂ ಸುಲಭ.

ಒಟ್ಟಾದ ಮೇಲೆ ಬಂದ ದೊಡ್ಡ ಅಪಾಯವೆಂದರೆ ನಮ್ಮದೇ ಗುಂಪಿನ ಕೋಪ. ಸಿಕ್ಕ ಹುಡುಗನನ್ನು ಕಂಬಕ್ಕೆ ಕಟ್ಟಿ ನಾಲ್ಕು ಬಿಗಿಯಬೇಕೆಂದು ಮೊದಲ ಸಭೆಯಲ್ಲೇ ಕೆಲವರು ಹೇಳಿದರು. ನಾನು ಅದನ್ನು ಬಲವಾಗಿ ವಿರೋಧಿಸಿದೆ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರೆಂಬ ವದಂತಿ ನಂಬಿದ ಗುಂಪೊಂದು ಹೈದರಾಬಾದಿನಿಂದ ಬಂದಿದ್ದ ಯುವಕನೊಬ್ಬನನ್ನು ಹೊಡೆದು ಕೊಂದಿತು; ಆ ಗುಂಪಿನಲ್ಲಿದ್ದವರೂ ನಮ್ಮಂತೆ ಊರಿನ ರಕ್ಷಣೆಯ ಮಾತನ್ನೇ ಆಡಿದವರು. ಕೊನೆಗೆ ನಾವು ತೀರ್ಮಾನಿಸಿದ್ದು ಹೀಗೆ: ಯಾರನ್ನೂ ಹಿಡಿಯುವುದಿಲ್ಲ, ಬೆನ್ನಟ್ಟುವುದಿಲ್ಲ, ಯಾರ ಫೋಟೋವನ್ನೂ ವಾಟ್ಸ್‌ಆ್ಯಪಿನಲ್ಲಿ ಹರಿಬಿಡುವುದಿಲ್ಲ. ಜಗಳ, ಕಳ್ಳತನ ಕಂಡರೆ 112ಕ್ಕೆ ಕರೆ. ಮಾರಾಟದ ಸುಳಿವಿದ್ದರೆ ಬೀಟ್ ಪೊಲೀಸರಿಗೆ, ಅಥವಾ 2024ರಲ್ಲಿ ಆರಂಭವಾದ ಮಾದಕ ವಸ್ತು ನಿಯಂತ್ರಣದ 1933 ಸಹಾಯವಾಣಿಗೆ ತಿಳಿಸುವುದು. ಬೀದಿಯಲ್ಲಿ ಒಂಟಿಯಾಗಿ ಅಲೆಯುವ ಮಕ್ಕಳ ವಿಷಯ ಬಂದರೆ ಮಕ್ಕಳ ಸಹಾಯವಾಣಿ 1098. ಚಹಾದಂಗಡಿಯ ಅಕ್ಕನ ಹಿಂದಿನ ಕೋಣೆಯಲ್ಲಿ ಕೆಲವರು ಕೂರುವ ರೂಢಿಯಿತ್ತು. ಗೊತ್ತಿದ್ದೂ ತನ್ನ ಜಾಗವನ್ನು ಮಾದಕ ವಸ್ತುವಿನ ಅಪರಾಧಕ್ಕೆ ಬಿಟ್ಟುಕೊಟ್ಟವರನ್ನು 1985ರ ಎನ್‌ಡಿಪಿಎಸ್ (ಮಾದಕ ವಸ್ತು ತಡೆ) ಕಾಯ್ದೆಯ 25ನೇ ಸೆಕ್ಷನ್ ಅಪರಾಧಿಯೊಂದಿಗೇ ನಿಲ್ಲಿಸುತ್ತದೆ ಎಂದು ತಿಳಿದಾಗ ಅವರು ಆ ಕೋಣೆಗೆ ಬೀಗ ಹಾಕಿದರು. ಒಂಟಿ ಹೆಣ್ಣುಮಗಳು ಆ ಬೀಗ ಹಾಕಲು ಬೇಕಾದ ಧೈರ್ಯ ಬಂದದ್ದು, ಅವತ್ತು ಸಂಜೆ ಬೀದಿಯ ಎಲ್ಲ ಅಂಗಡಿಯವರೂ ಅಲ್ಲೇ ಚಹಾ ಕುಡಿಯುತ್ತ ನಿಂತಿದ್ದರಿಂದ.

ಇನ್ನು ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ವಿಷಯ. ಮಾತ್ರೆ ಕೊಡುವುದಿಲ್ಲ ಎಂದು ಹೇಳಿ ಬಾಗಿಲು ತೋರಿಸಿದರೆ ನಮ್ಮ ಕೆಲಸ ಮುಗಿಯುವುದಿಲ್ಲ. ಕ್ಲೋರಲ್ ಹೈಡ್ರೇಟ್ ಆಗಲಿ, ಆಲ್ಪ್ರಜೋಲಾಮ್ ಆಗಲಿ ವರ್ಷಗಟ್ಟಲೆ ದೇಹಕ್ಕೆ ರೂಢಿಯಾದ ಮೇಲೆ ಒಮ್ಮೆಲೇ ನಿಂತರೆ ಫಿಟ್ಸ್ ಬರಬಹುದು, ಇಲ್ಲದ್ದು ಕಾಣಿಸಬಹುದು, ಜೀವಕ್ಕೂ ಅಪಾಯವಾಗಬಹುದು. 2015ರಲ್ಲಿ ತೆಲಂಗಾಣದಲ್ಲಿ ಸೇಂದಿಯ ಕಲಬೆರಕೆಯ ಮೇಲೆ ಬಿಗಿ ಬಂದಾಗ ಮಹಬೂಬ್‌ನಗರ, ನಿಜಾಮಾಬಾದ್ ಕಡೆಯ ಆಸ್ಪತ್ರೆಗಳಿಗೆ ಹೀಗೆ ಬಳಲಿದವರು ದೊಡ್ಡ ಸಂಖ್ಯೆಯಲ್ಲಿ ಬಂದರು. ಆಣೆಕಟ್ಟಿನ ಗೇಟಿನಂತೆ ಇದನ್ನೂ ಹಂತ ಹಂತವಾಗಿಯೇ ಇಳಿಸಬೇಕು, ಅದೂ ವೈದ್ಯರ ಕಣ್ಣೆದುರಿಗೆ.

ಗಂಜಿನಲ್ಲಿ ಹಮಾಲಿ ಮಾಡುವ ಒಬ್ಬರು ಒಂದು ಮಧ್ಯಾಹ್ನ ಬಂದು, "ಅಣ್ಣಾರ, ಒಂದ್ ಪಟ್ಟಿ ಕೊಡ್ರಿ, ಮೂರ್ ದಿನ ಆತು ಕಣ್ ಮುಚ್ಚಿಲ್ಲ" ಎಂದರು. ಗಾಜಿನ ಮೇಲೆ ಊರಿದ್ದ ಅವರ ಕೈ ನಡುಗುವ ಸದ್ದು ಕೇಳುತ್ತಿತ್ತು, ಬೆವರು ಹಣೆಯಿಂದ ಇಳಿಯುತ್ತಿತ್ತು. ಅವರಿಗೆ ಚೀಟಿ ಇರಲಿಲ್ಲ. ಕೂರಿಸಿ ನೀರು ಕೊಟ್ಟೆ, ಅವರ ಹೆಂಡತಿಗೆ ಫೋನ್ ಮಾಡಿಸಿದೆ, ಕಿರಾಣಿ ಸಾವಕಾರರ ಮಗ ಆಟೋದಲ್ಲಿ ಸರಕಾರಿ ರಿಮ್ಸ್ ಆಸ್ಪತ್ರೆಗೆ ಕರೆದೊಯ್ದ. ಮನೋರೋಗ ವಿಭಾಗದ ವೈದ್ಯರು ಬರೆದುಕೊಟ್ಟ ಚೀಟಿಯಲ್ಲಿ ಮಾತ್ರೆ ಇತ್ತು, ಆದರೆ ಪ್ರತಿ ಭೇಟಿಗೂ ಪ್ರಮಾಣ ಇಳಿಯುತ್ತಿತ್ತು, ಮತ್ತು ಅದನ್ನು ಹೆಂಡತಿಯ ಕೈಗೇ ಕೊಡಬೇಕೆಂಬ ಸೂಚನೆಯಿತ್ತು. ನನ್ನ ಎಚ್1 ರಿಜಿಸ್ಟರಿನಲ್ಲಿ ಅವರ ಹೆಸರಿನ ಮುಂದೆ ಅಂಕಿ ಕಡಿಮೆಯಾಗುತ್ತ ಹೋಗಿ ನಿಂತಿದೆ. ಎಲ್ಲರೂ ಹೀಗೆ ಹೊರಬರಲಿಲ್ಲ. ಮರಳಿ ಸೇಂದಿಗೆ ಹೋದವರಿದ್ದಾರೆ, ಅವರು ಬಂದಾಗ ಮತ್ತೆ ಅದೇ ಆಟೋ ಕರೆಯುತ್ತೇವೆ.

ಚಿಕಿತ್ಸೆಗೆ ಹೋದರೆ ಪೊಲೀಸರು ಹಿಡಿಯುತ್ತಾರೆಂಬ ಭಯ ಗಾಂಜಾ ಸೇದುವ ಹುಡುಗರ ತಾಯಂದಿರಲ್ಲಿ ಬಹಳವಾಗಿದೆ. ಸ್ವಂತ ಬಳಕೆ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ ಸಿಕ್ಕ ವ್ಯಸನಿ ತಾನಾಗಿಯೇ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆಗೆ ಮುಂದಾದರೆ ಎನ್‌ಡಿಪಿಎಸ್ ಕಾಯ್ದೆಯ 64ಎ ಸೆಕ್ಷನ್ ಅವನಿಗೆ ವಿಚಾರಣೆಯಿಂದ ರಕ್ಷಣೆ ಕೊಡುತ್ತದೆ, ಚಿಕಿತ್ಸೆಯನ್ನು ಪೂರ್ಣಗೊಳಿಸಬೇಕೆಂಬ ಷರತ್ತಿನೊಂದಿಗೆ. ಇದನ್ನೂ, ವ್ಯಸನಮುಕ್ತಿ ಸಹಾಯವಾಣಿಯ 14446 ಮತ್ತು ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗಳನ್ನೂ ಕನ್ನಡ, ಉರ್ದು, ತೆಲುಗಿನಲ್ಲಿ ಬರೆಸಿ ಎಲ್ಲ ಅಂಗಡಿಗಳ ಬಿಲ್ ಕೌಂಟರಿನ ಮುಂದೆ ಅಂಟಿಸಿದ್ದೇವೆ. ಯಾರೂ ನೋಡುವುದಿಲ್ಲವೆಂದು ತೋರುತ್ತದೆ. ಆದರೆ ಫೋನಿನಲ್ಲಿ ಅದರ ಫೋಟೋ ತೆಗೆದುಕೊಂಡು ಮಾತಿಲ್ಲದೆ ಹೋಗುವ ತಾಯಂದಿರನ್ನು ನಾನು ಕಂಡಿದ್ದೇನೆ.

ಈಗ ಸಂಜೆಯ ವ್ಯಾಪಾರ ಮರಳಿದೆ. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ ಒಯ್ಯಲು ಹೆಂಗಸರು ಕೆಲಸ ಮುಗಿಸಿ ಒಂಬತ್ತಕ್ಕೂ ಬರುತ್ತಾರೆ. ಎಚ್1 ಮಾತ್ರೆಗಳಿಂದ ಹೋದ ಲಾಭವನ್ನು ಈ ಕಾಯಂ ಗಿರಾಕಿಗಳು ತುಂಬಿಕೊಟ್ಟಿದ್ದಾರೆ. ತೊಂದರೆ ಪೂರ್ತಿ ಹೋಗಿಲ್ಲ. ಗಡಿಯಾಚೆಯಿಂದ ಪುಡಿ ಬರುವುದನ್ನು ಅಂಗಡಿಯವರು ತಡೆಯಲಾರರು, ಅದು ಅಬಕಾರಿ ಮತ್ತು ಪೊಲೀಸ್ ಇಲಾಖೆಗಳ ಕೆಲಸ. ಬೀದಿಗೆ ಹೊಸ ಬಾಡಿಗೆದಾರರು ಬಂದಾಗಲೆಲ್ಲ ಎಲ್ಲವನ್ನೂ ಮೊದಲಿನಿಂದ ಹೇಳಬೇಕಾಗುತ್ತದೆ. ಮಾನ್ವಿ, ಸಿಂಧನೂರು ಕಡೆಯ ಕೆಲವು ಔಷಧ ವ್ಯಾಪಾರಿಗಳು ಎಲ್ಲಿಂದ ಶುರು ಮಾಡಬೇಕೆಂದು ಕೇಳಿದ್ದಾರೆ. ಕ್ಯಾಮೆರಾ, ಸಭೆ, ಅರ್ಜಿಗಳೆಲ್ಲ ಆಮೇಲಿನ ಮಾತು. ಮೊದಲು ತಾರೀಖಿನ ಮೊಹರೊಂದನ್ನು ಮಾಡಿಸಿಕೊಳ್ಳಿ, ನಾಳೆ ಬರುವ ಮೊದಲ ಎಚ್1 ಚೀಟಿಯ ಮೇಲೆಯೇ ಅದನ್ನು ಒತ್ತಿ, ಪಕ್ಕದ ಅಂಗಡಿಯವರಿಗೂ ಒಂದನ್ನು ಮಾಡಿಸಿಕೊಡಿ ಎಂದು ಅವರಿಗೆ ಹೇಳಿದ್ದೇನೆ.